ಹುಲ್ಲಲ್ಲಿ ಮಲಗಿದ ಜಿಂಕೆ ಮರಿ ಅನಾಥವಲ್ಲ

ಮಾನ್ಯರೇ,

ಹೊಲದಲ್ಲಿ ಒಂಟಿಯಾಗಿ ಮಲಗಿದ ಜಿಂಕೆ ಮರಿ ಕಂಡರೆ ‘ಪಾಪ, ತಾಯಿ ಬಿಟ್ಟುಹೋಗಿದೆ’ ಎಂದು ಮನೆಗೆ ಎತ್ತಿಕೊಂಡು ಬರುವವರು ಇನ್ನೂ ಇದ್ದಾರೆ. ಇದು ಕಾಪಾಡಿದಂತಲ್ಲ, ತಾಯಿಯಿಂದ ಕಸಿದಂತೆ. ಅದನ್ನು ಅಲ್ಲಿ ಬಚ್ಚಿಟ್ಟು ಹೋಗಿರುವುದು ತಾಯಿಯೇ. ತಾನು ಪಕ್ಕದಲ್ಲೇ ಇದ್ದರೆ ಬೇಟೆಯಾಡುವ ಪ್ರಾಣಿಗಳಿಗೆ ಸುಳಿವು ಸಿಗುತ್ತದೆ, ಅಲ್ವಾ? ಹಾಗಾಗಿ ದೂರವಿದ್ದು, ದಿನಕ್ಕೆ ಕೆಲವೇ ಸಲ ಬಂದು ಹಾಲೂಡಿಸಿ ಹೋಗುತ್ತದೆ. ಎಳೆ ಮರಿಯ ಮೈವಾಸನೆಯೂ ತೀರಾ ಕಡಿಮೆ.

ಒಮ್ಮೆ ಹುಲ್ಲು ಕೊಯ್ಯುವಾಗ ನನ್ನ ಕುಡುಗೋಲಿಗೆ ಎರಡೇ ಮೊಳ ದೂರದಲ್ಲಿ ಒಂದು ಮರಿ ಇತ್ತು. ಕತ್ತು ನೆಲಕ್ಕೆ ಚಾಚಿ, ಕಿವಿ ಹಿಂದಕ್ಕೆ ಒತ್ತಿಕೊಂಡಿತ್ತು. ಕಣ್ಣು ಮಾತ್ರ ತೆರೆದಿತ್ತು. ಓಡಲಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಅವು ಓಡುವುದಿಲ್ಲ, ಸುಮ್ನೆ ನೆಲಕ್ಕೆ ಅಂಟಿಕೊಳ್ಳುತ್ತವೆ. ಕಟಾವು ಯಂತ್ರ ಬಂದರೂ ಹಾಗೆಯೇ. ಹಾಗಾಗಿ ಯಂತ್ರಕ್ಕೆ ಸಿಕ್ಕಿ ಸಾಯುವುದುಂಟು. ನನ್ನ ಕೈಯಲ್ಲಿ ಯಂತ್ರ ಇರಲಿಲ್ಲ, ಮರಿ ಬದುಕಿತು.

ಆದ್ದರಿಂದ ರೈತರು ಕಟಾವಿನ ದಿನ ಬೆಳಿಗ್ಗೆ ಹೊಲವನ್ನೊಮ್ಮೆ ನಡೆದು ನೋಡಬೇಕು, ನಾಯಿಗಳನ್ನು ಕಟ್ಟಬೇಕು. ಮರಿ ಕಂಡರೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗಲಿ. ಗಾಯವಾಗಿದ್ದರೆ ಅಥವಾ ತಾಯಿ ಸತ್ತಿದ್ದು ಖಚಿತವಾದರೆ ಮಾತ್ರ ವನ್ಯಜೀವಿ ಸಿಬ್ಬಂದಿಗೆ ಫೋನ್ ಮಾಡಲಿ.

– ಒಬ್ಬ ರೈತ