ನಡೆದರೆ ಸಾಕೇ? ಕೈಗೂ ಬೇಕು ಚಿಕಿತ್ಸೆ

ಮಾನ್ಯ ಸಂಪಾದಕರಿಗೆ,

ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳ ಚಲನೆಗೆ ಆಗುವ ತೊಂದರೆ) ಇರುವ ಮಗು ಎಂದೊಡನೆ ಜನ ಮೊದಲು ಕೇಳುವುದು ‘ನಡೆಯುತ್ತದೆಯೇ?’ ಎಂದು. ನನ್ನ ಮಗನಿಗೆ ದೇಹದ ಬಲಭಾಗದಲ್ಲಿ ಮಾತ್ರ ತೊಂದರೆ; ಹೆಮಿಪ್ಲೀಜಿಯಾ ಎನ್ನುತ್ತಾರೆ. ಅವನು ನಡೆಯುತ್ತಾನೆ, ಸ್ವಲ್ಪ ಕುಂಟುತ್ತಲೇ ಓಡುತ್ತಾನೆ. ನಡಿಗೆ ಬಂದ ಮೇಲೆ ಫಿಸಿಯೋಥೆರಪಿ ನಿಲ್ಲಿಸಿಬಿಟ್ಟರು. ಕೈಯ ಮಾತೆತ್ತಿದರೆ, ‘ಎಡಗೈ ಚೆನ್ನಾಗಿದೆಯಲ್ಲಮ್ಮ, ಅದರಲ್ಲೇ ಬರೆಯಲಿ ಬಿಡಿ’ ಎಂಬ ಉತ್ತರ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಅಂಗಿಯ ಗುಂಡಿ, ಚಡ್ಡಿಯ ಲಾಡಿ, ಊಟದ ಡಬ್ಬಿಯ ಮುಚ್ಚಳ, ಸ್ಕೇಲು ಒತ್ತಿಹಿಡಿದು ಗೆರೆ ಎಳೆಯುವುದು, ಇವುಗಳಲ್ಲಿ ಯಾವುದು ಒಂದೇ ಕೈಯಲ್ಲಿ ಆಗುವ ಕೆಲಸ? ಮಿದುಳಿಗೆ ಆದ ಪೆಟ್ಟು ಹೆಚ್ಚಾಗುವುದಿಲ್ಲ ನಿಜ. ಆದರೆ ಬಳಸದ ಕೈ ವರ್ಷದಿಂದ ವರ್ಷಕ್ಕೆ ಬಿಗಿಯುತ್ತದೆ. ಮಣಿಕಟ್ಟು ಕೆಳಕ್ಕೆ ಬಾಗುತ್ತದೆ, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಳ್ಳುತ್ತದೆ. ಮಗು ಆ ಕೈಯನ್ನು ಮರೆತೇಬಿಡುತ್ತದೆ.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಅಭ್ಯಾಸ ಮಾಡಿಸುವ ಚಿಕಿತ್ಸಕರು, ಸಿಕ್ಕರು. ಅವರು ಎಣ್ಣೆ ಹಚ್ಚಿ ನೀವಲಿಲ್ಲ, ಬೆರಳು ಹಿಡಿದು ಎಳೆಯಲಿಲ್ಲ. ಚೆನ್ನಾಗಿರುವ ಎಡಗೈಗೆ ಆಟದ ಹೊತ್ತಿನಲ್ಲಿ ಮಾತ್ರ ಕೈಗವಸು ತೊಡಿಸಿ, ಬಲಗೈಗೆ ಕೆಲಸ ಕೊಟ್ಟರು. ಕೆಲವು ವಾರಗಳ ನಂತರ ಎರಡೂ ಕೈ ಬೇಕಾಗುವ ಕೆಲಸಗಳು. ಹೀಗೆ ಒಟ್ಟು 30ರಿಂದ 40 ಗಂಟೆಗಳಷ್ಟು ಒತ್ತೊತ್ತಾಗಿ ಅಭ್ಯಾಸವಾದರೆ ಕೈಯ ಬಳಕೆ ಸುಧಾರಿಸುತ್ತದೆ ಎಂಬುದು ಅಧ್ಯಯನಗಳಿಂದ ತಿಳಿದಿರುವ ವಿಷಯ. ವಾರಕ್ಕೊಮ್ಮೆ ಅರ್ಧ ಗಂಟೆ ಕೈ ತಿಕ್ಕಿ ಕಳಿಸಿದರೆ ಏನಾದೀತು? ಬಿಗಿತ ಸಡಿಲಿಸುವ ಬೊಟ್ಯುಲಿನಮ್ ಚುಚ್ಚುಮದ್ದೂ ಇದೆ. ಅದರ ಪರಿಣಾಮ ಮೂರು–ನಾಲ್ಕು ತಿಂಗಳು. ಆ ಅವಧಿಯಲ್ಲಿ ಅಭ್ಯಾಸ ಮಾಡಿಸದಿದ್ದರೆ ಕೊಟ್ಟ ದುಡ್ಡು ವ್ಯರ್ಥ.

ನಮ್ಮ ಮನೆಯಲ್ಲಿ ಈ ಅಭ್ಯಾಸ ಹೆಚ್ಚಾಗಿ ನಡೆದದ್ದು ಅವರೆಕಾಯಿ ಕಾಲದಲ್ಲಿ. ಬಲಗೈ ಕಾಯಿ ಹಿಡಿಯಬೇಕು, ಎಡಗೈ ಸೀಳಬೇಕು. ಮೊದಮೊದಲು ಕಾಯಿ ಜಾರಿ ಬೀಳುತ್ತಿತ್ತು, ಇಲ್ಲವೇ ಮುಷ್ಟಿಯಲ್ಲಿ ನಜ್ಜುಗುಜ್ಜಾಗುತ್ತಿತ್ತು. ಹಿಡಿಯುವುದಕ್ಕಿಂತ ಬಿಡುವುದೇ ಅವನಿಗೆ ಕಷ್ಟ. ಮಣಿಕಟ್ಟನ್ನು ಕೆಳಗೆ ಬಾಗಿಸಿದರೆ ಬೆರಳುಗಳು ತಾವೇ ತುಸು ಬಿಚ್ಚಿಕೊಳ್ಳುತ್ತವೆ ಎಂಬುದನ್ನು ಅವನೇ ಕಂಡುಕೊಂಡ. ಈಗ ಸಿಪ್ಪೆಯನ್ನು ಹಾಗೆಯೇ ಮೊರದಿಂದಾಚೆ ಹಾಕುತ್ತಾನೆ. ನಿಧಾನ, ಆದರೆ ಯಾರೂ ನೆರವಾಗಬೇಕಿಲ್ಲ.

ನಾನು ಅಂಗನವಾಡಿ ಕಾರ್ಯಕರ್ತೆ. ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಚಾಚುತ್ತಿದ್ದರೆ, ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ ಅದು ಎಚ್ಚರಿಕೆಯ ಲಕ್ಷಣ. ನಮ್ಮಲ್ಲಿ ‘ಎಡಚ ಮಗು, ತಾತನ ಹಾಗೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ಅದೇ ಮಗು ಮುಂದೆ ಎಡಗೈಯಲ್ಲಿ ಊಟ ಮಾಡಿದರೆ ಪಂಕ್ತಿಯಲ್ಲಿ ಗದರುತ್ತಾರೆ. ಇದನ್ನು ನೋಡಿ ನನಗೆ ತುಂಬಾ ನೋವಾಗಿದೆ. ದಯವಿಟ್ಟು ಆ ಮಕ್ಕಳನ್ನು ಗದರಬೇಡಿ.

ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಆಗ ಎರಡೂ ಕೈಗೆ ಆಟಿಕೆ ಕೊಟ್ಟು ನೋಡಲು ಎರಡು ನಿಮಿಷ ಸಾಕು. ನಮ್ಮ ತರಬೇತಿಯಲ್ಲೂ ಇದನ್ನು ಸೇರಿಸಬೇಕು. ಆದರೆ ಗುರುತಿಸಿದ ಮಗುವನ್ನು ಕಳಿಸುವುದೆಲ್ಲಿಗೆ? ನಮ್ಮ ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿ ನಾನು ಹುಡುಕಿದಾಗ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಕೂಡ ಸಿಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಗುರುತಿಸಿದೆ. ಪ್ರತಿ ಜಿಲ್ಲೆಗೂ ಒಬ್ಬರನ್ನಾದರೂ ನೇಮಿಸಿ, ಮನೆಯಲ್ಲೇ ಅಭ್ಯಾಸ ಮಾಡಿಸುವ ಬಗೆಯನ್ನು ತಾಯಂದಿರಿಗೆ ಅವರಿಂದ ಕಲಿಸುವ ಏರ್ಪಾಟು ಮಾಡಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

ಪೋಷಕರಿಗೊಂದು ಮಾಹಿತಿ: ಕೇಂದ್ರ ಸರ್ಕಾರದ ರಾಷ್ಟ್ರೀಯ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಸೆರೆಬ್ರಲ್ ಪಾಲ್ಸಿ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ, ಅದರಲ್ಲಿ ಥೆರಪಿಯ ಖರ್ಚಿಗೂ ಅವಕಾಶವಿದೆ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

–ಒಬ್ಬ ತಾಯಿ, ಅಂಗನವಾಡಿ ಕಾರ್ಯಕರ್ತೆ
(ಹೆಸರು, ಊರು ಪ್ರಕಟಿಸುವುದು ಬೇಡ)