ಇಂಗ್ಲಿಷ್ ಪೀರಿಯಡ್‌ನಲ್ಲಿ ಸಂತೆ ಏಕೆ? ನಾಲ್ಕು, ಐದನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಹೋದ ಶನಿವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಕೇಳಿದಿರಿ: "ಇಂಗ್ಲಿಷ್ ಪೀರಿಯಡ್‌ನಲ್ಲಿ ಈರುಳ್ಳಿ ಮಾರಿಸ್ತೀರಿ, ನೋಟ್‌ಬುಕ್ ಖಾಲಿ ಇದೆ, ಮಕ್ಕಳು ತಪ್ಪು ಮಾತಾಡಿದ್ರೂ ಟೀಚರ್ ಸುಮ್ಮನಿರ್ತಾರೆ." ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸಿದೆ ಎಂಬ ಬೇಸರ ನನಗಿದೆ. ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಮಕ್ಕಳೇ ಅಂಗಡಿಯವರು, ಗಿರಾಕಿಗಳಾಗಿ ಇಂಗ್ಲಿಷ್‌ನಲ್ಲಿ ವ್ಯಾಪಾರ ಮಾಡುವ ಆಟದ ಸಂತೆಗೆ ತರಕಾರಿ ತನ್ನಿ ಎಂದು ಹಿಂದಿನ ಸಂಜೆ ಹೇಳಿ ಕಳಿಸಿದ್ದರಿಂದ ಕೆಲವರು ಅದಕ್ಕೆಂದೇ ದುಡ್ಡು ಖರ್ಚು ಮಾಡಬೇಕಾಯಿತು. ಮುಂದಿನ ಸಂತೆಗೆ ಮಣ್ಣು, ರಟ್ಟಿನ ತರಕಾರಿಯನ್ನು ಮಕ್ಕಳೇ ಶಾಲೆಯಲ್ಲಿ ಮಾಡುತ್ತಾರೆ.

ಆದರೆ ಸಂತೆ ನಿಲ್ಲುವುದಿಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ಪುಟಗಟ್ಟಲೆ ದುಂಡಗೆ ಬರೆಯುವ ಮಗು, ಯಾರಾದರೂ ಇಂಗ್ಲಿಷ್‌ನಲ್ಲಿ ಊರು ಕೇಳಿದರೆ ತಲೆ ತಗ್ಗಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಸಂಕಟಪಟ್ಟಿದ್ದೇನೆ. ಸಂತೆಯಲ್ಲಿ ಒಬ್ಬರು ಬೆಲೆ ಕೇಳಲೇಬೇಕು, ಇನ್ನೊಬ್ಬರು ಹೇಳಲೇಬೇಕು. ಒಂದೇ ವಾಕ್ಯ ಹತ್ತು ಅಂಗಡಿಯಲ್ಲಿ ಹತ್ತು ಸಲ ಬಾಯಿಗೆ ಬರುತ್ತದೆ. ಗದ್ದಲದ ನಡುವೆ ನಾಚಿಕೆಯ ಮಗುವನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ.

ಇನ್ನು ತಪ್ಪಿನ ವಿಚಾರ. ಒಬ್ಬಳು ಹುಡುಗಿ "ದಿಸ್ ಆನಿಯನ್ ಹೌ ಮಚ್?" ಎಂದಳು. "ಈ ಈರುಳ್ಳಿ ಎಷ್ಟು" ಎಂಬ ನಮ್ಮ ಕನ್ನಡದ ಜೋಡಣೆಯೇ ಅದು. ಟೀಚರ್ ಅವಳನ್ನು ತಡೆಯಲಿಲ್ಲ. "ಹೌ ಮಚ್ ಈಸ್ ದಿಸ್ ಆನಿಯನ್? ಟೆನ್ ರುಪೀಸ್" ಎಂದು ಸರಿಯಾದ ವಾಕ್ಯವನ್ನು ಉತ್ತರದಲ್ಲೇ ಸೇರಿಸಿ ಹೇಳಿದರು. ಮೂರನೇ ಅಂಗಡಿಯ ಹೊತ್ತಿಗೆ ಆ "ಈಸ್" ಅವಳ ಮಾತಿಗೂ ಬಂತು. ಟೀಚರ್ ಸುಮ್ಮನಿರಲಿಲ್ಲ, ತಿದ್ದಿದ್ದೇ ಹಾಗೆ.

ನಿಮ್ಮ ಮಗು ಚಿಕ್ಕದಿದ್ದಾಗ "ಅಪ್ಪ ಚಾಕಲೇಟು ಕೊಡಿದ" ಅಂದಿದ್ದರೆ ನೀವು ಗದರುತ್ತಿದ್ದಿರಾ? "ಹೌದಾ ಕಂದ, ಅಪ್ಪ ಕೊಟ್ರಾ" ಎಂದು ಎತ್ತಿಕೊಳ್ಳುತ್ತಿದ್ದಿರಿ. "ನೋಡಿದ, ಹಾಡಿದ" ಕೇಳಿದ ಮಗು "ಕೊಡಿದ" ಅನ್ನುತ್ತದೆ. "ಪ್ಲೇಡ್, ವಾಕ್ಡ್" ಕೇಳಿದ ಮಗು "ವೆಂಟ್" ಬದಲು "ಗೋಡ್" ಅನ್ನುತ್ತದೆ. ನಿಯಮ ಹಿಡಿದಿದೆ ಎಂದೇ ಅರ್ಥ. ತಪ್ಪು ಹಾಗೇ ಉಳಿಯಲಿ ಎಂದು ನಾವು ಖಂಡಿತ ಹೇಳುತ್ತಿಲ್ಲ. ಮಾತಿನ ಮಧ್ಯೆ ತಡೆಯುವುದಿಲ್ಲ, ಅಷ್ಟೇ. ಸಂತೆ ಮುಗಿದ ಮೇಲೆ, ಯಾರ ಹೆಸರೂ ಎತ್ತದೆ, ಅಂಥ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು ಎಲ್ಲರೂ ಸೇರಿ ಸರಿಮಾಡುತ್ತೇವೆ.

ಕಾನ್ವೆಂಟ್ ಮಕ್ಕಳೆದುರು ನಮ್ಮವರು ಹಿಂದೆ ಬೀಳಬಾರದು ಎಂಬ ನಿಮ್ಮ ಕಾಳಜಿ ನನ್ನದೂ ಹೌದು. ಬರವಣಿಗೆಯನ್ನು ನಾವು ಬಿಟ್ಟಿಲ್ಲ. ಸಂತೆ ವಾರಕ್ಕೆ ಒಂದೇ ಪೀರಿಯಡ್. ಬೆಲೆಪಟ್ಟಿ, ಅಂಗಡಿ ಬೋರ್ಡು, ಬಿಲ್ಲು ಎಲ್ಲ ಮಕ್ಕಳೇ ಬರೆದದ್ದು, ಅವರವರ ಫೈಲಿನಲ್ಲಿವೆ. ಯಾವ ದಿನವಾದರೂ ಬಂದು ನೋಡಿ. ಆದರೆ ನೋಟ್ಸ್ ತುಂಬಿಸಲೆಂದು ಮಾತಿನ ಪೀರಿಯಡ್ ಕಿತ್ತುಕೊಳ್ಳಲು ನಾನು ಒಪ್ಪಲಾರೆ.

ಮನೆಯಲ್ಲಿ ಮಗು ಇಂಗ್ಲಿಷ್‌ನಲ್ಲಿ ಏನಾದರೂ ಹೇಳಿದರೆ ದಯವಿಟ್ಟು ನಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ.

ಮುಂದಿನ ಸಂತೆ ಗುರುವಾರ ಮಧ್ಯಾಹ್ನ, ಬಿಸಿಯೂಟದ ನಂತರ. ಗಿರಾಕಿಗಳಾಗಿ ನೀವೂ ಬನ್ನಿ. ನೀವು ಕನ್ನಡದಲ್ಲೇ ಬೆಲೆ ಕೇಳಿದರೂ ಮಕ್ಕಳು ಇಂಗ್ಲಿಷ್‌ನಲ್ಲಿ ಹೇಳುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು