ಆಯಿಲ್ ಕೂಲರ್ ಪೈಪು ಒಡೆಯುವ ಮೊದಲೇ ಬದಲಿಸಿ

ಮಾನ್ಯರೇ,

ಸರಕು ಹೊತ್ತು ಶಿರಾಡಿ ಘಾಟಿ ಏರುವ ಹಳೆಯ ಲಾರಿಗಳ ಮಾಲೀಕರು ಟಯರ್, ಬ್ರೇಕುಗಳಿಗೆ ಕೊಡುವ ಗಮನವನ್ನು ಎಂಜಿನ್ನಿನಿಂದ ಆಯಿಲ್ ಕೂಲರ್‌ಗೆ (ಎಂಜಿನ್ ಎಣ್ಣೆಯನ್ನು ತಣಿಸುವ ಸಾಧನ) ಹೋಗುವ ಹೋಸ್ ಪೈಪುಗಳಿಗೆ ಕೊಡುವುದು ಅಪರೂಪ. ವರ್ಷಗಟ್ಟಲೆ ಬಿಸಿ ಎಣ್ಣೆಯ ಒತ್ತಡ ತಡೆದ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಜಾಯಿಂಟಿನಲ್ಲಿ ಜಿನುಗುವ ಎಣ್ಣೆಗೆ ಧೂಳು ಮೆತ್ತಿ ಕಪ್ಪು ಜಿಡ್ಡು ಕಟ್ಟುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ, ಆಯಿಲ್ ತುಂಬಿಸಿ ಮುಂದೆ ಹೋಗುವುದೇ ರೂಢಿಯಾಗಿದೆ. ಆದರೆ ಏರಿನಲ್ಲಿ ಪೈಪು ಒಡೆದರೆ ಆಯಿಲ್ ಪ್ರೆಷರ್ ಇಳಿದು ಬೇರಿಂಗ್‌ಗಳು ಹಾಳಾಗಿ ಎಂಜಿನ್ ಜಾಮ್ ಆಗಬಹುದು, ಕಾದ ಸೈಲೆನ್ಸರ್ ಮೇಲೆ ಚಿಮ್ಮಿದ ಎಣ್ಣೆಗೆ ಬೆಂಕಿ ಹೊತ್ತಬಹುದು, ರಸ್ತೆಗೆ ಚೆಲ್ಲಿದ್ದು ಹಿಂದೆ ಬರುವ ಬೈಕ್ ಸವಾರರನ್ನು ಬೀಳಿಸಬಹುದು; ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಎಣ್ಣೆ ಕೂಲರ್‌ಗೆ ಹೋಗುವ ಮತ್ತು ಮರಳುವ ಎರಡೂ ಪೈಪುಗಳನ್ನು ವಾಷರ್ ಸಮೇತ ಒಟ್ಟಿಗೇ ಬದಲಿಸಬೇಕು. ಇವುಗಳ ಜಾಗದಲ್ಲಿ ನೀರಿನ ಹೋಸ್ ಹಾಕಿ ಕ್ಲಿಪ್ ಬಿಗಿದು ಓಡಿಸುವ ರಿಪೇರಿ ಸಲ್ಲದು. ಎಫ್‌ಸಿ (ವಾಹನದ ಫಿಟ್‌ನೆಸ್ ಪ್ರಮಾಣಪತ್ರ) ತಪಾಸಣೆಯ ವೇಳೆ ಸಾರಿಗೆ ಅಧಿಕಾರಿಗಳೂ ಈ ಪೈಪುಗಳನ್ನು ಗಮನಿಸಲಿ.

– ಲಾರಿ ಮಾಲೀಕ, ಸಕಲೇಶಪುರ